ಮಾತನಾಡದ ಶ್ರೀಸಾಮಾನ್ಯ: ಆರ್. ಕೆ. ಲಕ್ಷ್ಮಣರ ದಿನಚಿತ್ರಗಳನ್ನು ಕುರಿತು

ಮುಂಬಯಿಯ ಕನ್ನಡಿಗರು ನಾಲ್ವರು ಸೇರಿದಲ್ಲಿ ಆರ್. ಕೆ. ಲಕ್ಷ್ಮಣರ ಹೆಸರು ಬಂದರೆ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಅವರು ಮೈಸೂರಿನವರು, ಆದುದರಿಂದ ನಮ್ಮವರು ಎಂಬುದೊಂದು. ಅವರಂಥ ವ್ಯಂಗ್ಯಚಿತ್ರಕಾರರು ಈ ದೇಶದಲ್ಲಿ ಮತ್ತೊಬ್ಬರಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಅಭಿಮಾನದಿಂದ ಹುಟ್ಟಿದ್ದು, ಎರಡನೆಯದು ಮೆಚ್ಚುಗೆಯಿಂದ. ಎರಡನ್ನೂ ಅಲ್ಲಗಳೆಯುವ ಇಚ್ಛೆ ನನಗಿಲ್ಲ. ಆದರೆ ಅರ್ಧ ಶತಮಾನದಷ್ಟು ಕಾಲ ದಿನಂಪ್ರತಿ ಬೆಳೆದ ಒಂದು ಕೃತಿಯನ್ನು ಕುರಿತು ನಾವು ಇಷ್ಟಕ್ಕೇ ತೃಪ್ತರಾದರೆ, ಅದನ್ನು ನೋಡಿದ್ದೇವೆಂದು ಹೇಳಿಕೊಳ್ಳಬಹುದೇ ಹೊರತು ಓದಿದ್ದೇವೆಂದು ಹೇಳಿಕೊಳ್ಳುವಂತಿಲ್ಲ. ಲಕ್ಷ್ಮಣರು ಪುಣೆಯಲ್ಲಿ ನಿಧನರಾದದ್ದು 2015ರ ಜನವರಿ 26ರಂದು. ಅವರ ಶ್ರೀಸಾಮಾನ್ಯನು ಏಕೆ ಮಾತನಾಡಲಿಲ್ಲ, ಅವನ ಆ ಮೌನಕ್ಕೆ ಅರ್ಥ ಬಂದದ್ದು ಎಲ್ಲಿಂದ, ಅವನ ಮೇಲೆ ನಮಗಿರುವ ಹಕ್ಕು ಎಂಥದು ಎಂಬುದನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪ್ರಕಾರದ ಪ್ರಶ್ನೆ. ಪತ್ರಿಕೆಗಳ ಚಿತ್ರಕಲೆಯಲ್ಲಿ ಎರಡು ಜಾತಿಗಳನ್ನು ಎಣಿಸುವುದು ವಾಡಿಕೆ. ಮೂರು ನಾಲ್ಕು ಚೌಕಗಳು ಸಾಲಾಗಿ ನಿಂತು, ಒಂದರಿಂದ ಇನ್ನೊಂದಕ್ಕೆ ಕಾಲವೂ ಕಥೆಯೂ ಸರಿಯುತ್ತ ಹೋಗುವ ಚಿತ್ರಪಟ್ಟಿ ಒಂದು. ಇದು ಅಮೆರಿಕದ ಪತ್ರಿಕೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೇರೂರಿ ಲೋಕವನ್ನೆಲ್ಲ ವ್ಯಾಪಿಸಿತು. ಇನ್ನೊಂದು, ಒಂದೇ ಅಂಕಣದ ಅಗಲದಲ್ಲಿ ಅಡಗುವ ಒಂಟಿ ಚೌಕದ ಕಿರುಚಿತ್ರ. ಲಂಡನ್ನಿನ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ 1939ರಲ್ಲಿ ಆಸ್ಬರ್ಟ್ ಲ್ಯಾಂಕಾಸ್ಟರ್ ಇದನ್ನು ಆರಂಭಿಸಿದ ಮೇಲೆ ಇದಕ್ಕೆ ಪಾಕೆಟ್ ಕಾರ್ಟೂನ್ ಎಂಬ ಹೆಸರು ನಿಂತಿತು. ಟೈಮ್ಸ್ ಆಫ್ ಇಂಡಿಯಾದ ಮುಖಪುಟದಲ್ಲಿ 1951ರಿಂದ ಬರತೊಡಗಿದ ಲಕ್ಷ್ಮಣರ ‘ಯು ಸೆಡ್ ಇಟ್’ ಈ ಎರಡನೆಯ ಜಾತಿಗೆ ಸೇರಿದ್ದೆಂದು ಎಲ್ಲರೂ ಹೇಳುತ್ತಾರೆ. ಆಕಾರವನ್ನು ಮಾತ್ರ ನೋಡಿದರೆ ಇದು ಸರಿ.

ಆದರೆ ಅದು ಓದುಗನನ್ನು ತಲಪುತ್ತಿದ್ದ ರೀತಿಯನ್ನು ನೆನೆದುಕೊಂಡರೆ ಈ ವರ್ಗೀಕರಣ ಸಾಲದೆನಿಸುತ್ತದೆ. ಚಿತ್ರಪಟ್ಟಿಯ ಜೀವವಿರುವುದು ಚೌಕಗಳ ಸಂಖ್ಯೆಯಲ್ಲಲ್ಲ. ಒಂದು ಚೌಕಕ್ಕೂ ಮುಂದಿನದಕ್ಕೂ ನಡುವೆ ಇರುವ ಬಿಳಿಯ ತೆರಪಿನಲ್ಲಿ. ಆ ತೆರಪನ್ನು ಓದುಗನು ತನ್ನ ಮನಸ್ಸಿನಿಂದ ತುಂಬಿಕೊಳ್ಳುತ್ತಾನೆ. ಲಕ್ಷ್ಮಣರಲ್ಲಿ ಆ ತೆರಪು ಒಂದು ಹಗಲು, ಒಂದು ರಾತ್ರಿ. ನಿನ್ನೆಯ ಚೌಕದಲ್ಲಿ ಮಂತ್ರಿಯ ಆಶ್ವಾಸನೆಯನ್ನು ಕೇಳಿಸಿಕೊಂಡು ನಿಂತಿದ್ದ ಮುದುಕನು ಇಂದಿನ ಚೌಕದಲ್ಲಿ ರಸ್ತೆಯ ಹೊಂಡದ ಅಂಚಿನಲ್ಲಿ ನಿಂತಿದ್ದಾನೆ. ಈ ನಡುವೆ ಓದುಗನು ಕಲ್ಯಾಣದಿಂದಲೋ ಬೊರಿವಲಿಯಿಂದಲೋ ಲೋಕಲ್ ಗಾಡಿಯಲ್ಲಿ ನಿಂತು ಕಚೇರಿಗೆ ಹೋಗಿ ಬಂದಿದ್ದಾನೆ, ರೇಷನ್ ಅಂಗಡಿಯ ಮುಂದೆ ಕಾದಿದ್ದಾನೆ, ನೀರು ಬಾರದ ನಲ್ಲಿಯನ್ನು ತಿರುಗಿಸಿ ನೋಡಿದ್ದಾನೆ. ಎರಡು ಚೌಕಗಳ ನಡುವಣ ಕಥೆಯನ್ನು ಬದುಕಿದವನು ಅವನೇ. ಐವತ್ತು ವರ್ಷಗಳ ಉದ್ದಕ್ಕೆ, ದಿನಕ್ಕೊಂದು ಚೌಕದಂತೆ ಹರಡಿದ ಒಂದೇ ಚಿತ್ರಪಟ್ಟಿ ಇದು ಎಂದು ನಾನು ತಿಳಿಯುತ್ತೇನೆ. ಲೆಕ್ಕಪತ್ರದ ಕೆಲಸ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಿನವಹಿಯ ಒಂದು ನಮೂದನ್ನು ಮಾತ್ರ ಓದಿ ಒಬ್ಬನ ಸ್ಥಿತಿಗತಿಯನ್ನು ಹೇಳಲಾಗದು. ನಮೂದುಗಳೆಲ್ಲ ಖಾತೆಗೆ ಇಳಿದ ಮೇಲೆಯೇ ಅವನು ಸಾಲಗಾರನೋ ಸಾಹುಕಾರನೋ ತಿಳಿಯುವುದು. ಲಕ್ಷ್ಮಣರ ಒಂದೊಂದು ಚಿತ್ರವನ್ನು ಬಿಡಿಯಾಗಿ ನಗೆಹನಿಯೆಂದು ಎಣಿಸಿ ತೂಗುವ ಪದ್ಧತಿ, ಹಾಗಾಗಿ, ಮೂಲದಲ್ಲಿಯೇ ತಪ್ಪಿದೆ. ಬಿಡಿಯಾಗಿ ಅವುಗಳಲ್ಲಿ ಎಷ್ಟೋ ಸಾಧಾರಣವಾದವು. ನಿತ್ಯವೂ ಒಂದನ್ನು ಕೊಡಲೇಬೇಕಾದವನ ಕೈಯಲ್ಲಿ ಇನ್ನೇನಾದೀತು?

ಈ ಕೈ ತಯಾರಾದದ್ದು ಎಲ್ಲಿ ಎಂಬುದನ್ನು ಈಗ ನೋಡೋಣ. ಲಕ್ಷ್ಮಣರು ಹುಟ್ಟಿದ್ದು 1921ರ ಅಕ್ಟೋಬರಿನಲ್ಲಿ, ಮೈಸೂರಿನಲ್ಲಿ. ತಂದೆ ಶಾಲೆಯ ಮುಖ್ಯೋಪಾಧ್ಯಾಯರು, ಮನೆಯ ಮಾತು ತಮಿಳು, ಕಾದಂಬರಿಕಾರ ಆರ್. ಕೆ. ನಾರಾಯಣರು ಅಣ್ಣ. ಮನೆಗೆ ಬರುತ್ತಿದ್ದ ಸ್ಟ್ರಾಂಡ್, ಪಂಚ್ ಮೊದಲಾದ ವಿಲಾಯತಿ ಪತ್ರಿಕೆಗಳ ಚಿತ್ರಗಳನ್ನು ಅಕ್ಷರ ಬರುವ ಮೊದಲೇ ನೋಡುತ್ತ ಕುಳಿತಿರುತ್ತಿದ್ದ ಈ ಹುಡುಗ ನೆಲ, ಗೋಡೆ, ಬಾಗಿಲುಗಳನ್ನೆಲ್ಲ ಗೀಚಿ ತುಂಬಿದ್ದನ್ನೂ, ಶಾಲೆಯಲ್ಲಿ ಅಶ್ವತ್ಥದ ಎಲೆಯೊಂದನ್ನು ಬರೆದು ಉಪಾಧ್ಯಾಯರಿಂದ ಮೆಚ್ಚುಗೆ ಪಡೆದದ್ದನ್ನೂ ಅವರೇ ಬರೆದಿದ್ದಾರೆ. ಹಿಂದೂ ಪತ್ರಿಕೆಯಲ್ಲಿ ಬರುತ್ತಿದ್ದ ಡೇವಿಡ್ ಲೋ ಅವರ ಚಿತ್ರಗಳು ಅವನನ್ನು ಹಿಡಿದು ನಿಲ್ಲಿಸಿದವು. ಆ ಮಹಾಶಯನ ಸಹಿಯನ್ನು ಬಹುಕಾಲ ‘ಕೌ’, ಎಂದರೆ ಹಸು, ಎಂದು ಓದುತ್ತಿದ್ದನಂತೆ. ಈ ಸಂಗತಿಗಳೆಲ್ಲ ‘ದಿ ಟನಲ್ ಆಫ್ ಟೈಮ್’ ಎಂಬ ಅವರ ಆತ್ಮಕಥೆಯನ್ನು ಓದಿದವರಿಗೆ ಗೊತ್ತಿರತಕ್ಕವು. ಇಲ್ಲಿ ವಿಸ್ತರಿಸುವುದು ಅನಾವಶ್ಯಕ.

ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅವರು ಅರ್ಜಿ ಹಾಕಿದ್ದೂ, ಅಲ್ಲಿಗೆ ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿ ಕಾಣುತ್ತಿಲ್ಲವೆಂದು ಅದರ ಮುಖ್ಯಸ್ಥರು ಅರ್ಜಿಯನ್ನು ಹಿಂದಿರುಗಿಸಿದ್ದೂ ಪ್ರಸಿದ್ಧವಾದ ಕಥೆ. ಸಭೆಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವವರು ಬಹಳ ಮಂದಿ. ಆದರೆ ಇದರ ನಿಜವಾದ ಫಲವನ್ನು ಯಾರೂ ಎತ್ತಿ ಹೇಳುವುದಿಲ್ಲ. ಕಲಾಶಾಲೆಯಲ್ಲಿ ಗಚ್ಚಿನ ಬೊಂಬೆಗಳನ್ನು ನೋಡಿ ಬರೆಯುತ್ತ ಕಳೆಯಬೇಕಾಗಿದ್ದ ವರ್ಷಗಳನ್ನು ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ. ಎ. ಓದುತ್ತ, ಬಿಡುವಿನಲ್ಲಿ ಪೇಟೆಬೀದಿಯಲ್ಲಿ ನಿಂತು ಜನರನ್ನು ಬರೆಯುತ್ತ ಕಳೆದರು. ಆ ದಿನಗಳಲ್ಲಿಯೇ ಹಿಂದೂ ಪತ್ರಿಕೆಯಲ್ಲಿ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ನಮ್ಮ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ‘ರಾಶಿ’ ಎಂದು ನಾವೆಲ್ಲ ಬಲ್ಲವರು, 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆಗೆ ತರುಣ ಲಕ್ಷ್ಮಣರು ವ್ಯಂಗ್ಯಚಿತ್ರಗಳನ್ನು ಬರೆದರು. ನಾ. ಕಸ್ತೂರಿಯವರೂ ಟಿ. ಸುನಂದಮ್ಮನವರೂ ಬರೆಯುತ್ತಿದ್ದ ಪತ್ರಿಕೆ ಅದು. ಇಂಗ್ಲಿಷಿನಲ್ಲಿ ಬೆಳೆದ ಈ ಕಲಾವಿದನ ಆರಂಭದ ಓದುಗರಲ್ಲಿ ಕನ್ನಡದ ಓದುಗರೂ ಇದ್ದರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಕೊರವಂಜಿಯ ಹೆಸರು ಬಂದಾಗ ಒಂದು ವಿನೋದ ಹೊಳೆಯುತ್ತದೆ. ಕೊರವಂಜಿಯೆಂದರೆ ಬುಟ್ಟಿ ಹೊತ್ತು ಮನೆಬಾಗಿಲಿಗೆ ಬಂದು ಕಣಿ ಹೇಳುವವಳು. ಅವಳ ಬಾಯಿ ನಿಲ್ಲುವುದೆಂಬುದಿಲ್ಲ. ಅವಳ ಹೆಸರಿನ ಪತ್ರಿಕೆಯಲ್ಲಿ ಕೈ ಪಳಗಿಸಿಕೊಂಡವರು ಮುಂದೆ ಸೃಷ್ಟಿಸಿದ್ದು ಬಾಯಿಯನ್ನೇ ತೆರೆಯದ ಒಬ್ಬ ಮನುಷ್ಯನನ್ನು. ಅವನು ಕಣಿ ಹೇಳುವವನಲ್ಲ. ಊರಿನ ಕೊರವಂಜಿಗಳೆಲ್ಲ, ಮಂತ್ರಿಗಳು, ಅಧಿಕಾರಿಗಳು, ಅರ್ಥಶಾಸ್ತ್ರಜ್ಞರು, ಅವನ ಕೈ ಹಿಡಿದು ಕಣಿ ಹೇಳಿ ಹೋಗುತ್ತಾರೆ.

ಮುಂಬಯಿಗೆ ಬಂದ ಲಕ್ಷ್ಮಣರು ಮೊದಲು ಪೂರ್ಣಾವಧಿಯ ಕೆಲಸಕ್ಕೆ ಸೇರಿದ್ದು ಫ್ರೀ ಪ್ರೆಸ್ ಜರ್ನಲ್ ಪತ್ರಿಕೆಗೆ. ಅಲ್ಲಿಂದ ಬೋರಿಬಂದರಿನ ರೈಲು ನಿಲ್ದಾಣಕ್ಕೆ ಎದುರಾಗಿರುವ ಟೈಮ್ಸ್ ಕಟ್ಟಡಕ್ಕೆ ಬಂದವರು ಮತ್ತೆ ಬೇರೆಡೆಗೆ ಹೋಗಲಿಲ್ಲ. ಶ್ರೀಸಾಮಾನ್ಯನು ಅಲ್ಲಿ ಒಂದೇ ದಿನದಲ್ಲಿ ಹುಟ್ಟಿದವನಲ್ಲ. ಭಾರತದ ಜನತೆಯನ್ನು ತೋರಿಸಬೇಕಾದಾಗ ಮೊದಮೊದಲು ಬಂಗಾಳಿ, ತಮಿಳ, ಪಂಜಾಬಿ, ಗುಜರಾತಿ ಎಂದು ಉಡುಗೆ ತೊಡುಗೆಯಿಂದ ಗುರುತು ಸಿಗುವ ಹಲವರನ್ನು ಅವರು ಚೌಕದೊಳಗೆ ತುಂಬಿಸುತ್ತಿದ್ದರು. ಪತ್ರಿಕೆಯ ಸಮಯ ಕಾಯುವುದಿಲ್ಲ. ಸಂಜೆಯೊಳಗೆ ಚಿತ್ರ ಮುಗಿಯಬೇಕು. ಹೀಗಾಗಿ ಒಬ್ಬೊಬ್ಬರನ್ನೇ ಕೈಬಿಡುತ್ತ ಬಂದರು; ಕೊನೆಗೆ ಉಳಿದವನು ಈ ಒಬ್ಬ: ಬೋಳು ನೆತ್ತಿ, ಹಿಂಬದಿಯಲ್ಲಿ ಕೆದರಿದ ನಾಲ್ಕು ನರೆಗೂದಲು, ಪೊದೆಮೀಸೆ, ದುಂಡು ಮೂಗಿನ ಮೇಲೆ ಸಾದಾ ಕನ್ನಡಕ, ಚೌಕಳಿಯ ಕೋಟು, ಪಂಚೆ. ಆಲಸ್ಯದಿಂದಲ್ಲದಿದ್ದರೂ ಅವಸರದಿಂದ ಹುಟ್ಟಿದವನು ಎಂದು ಇದನ್ನು ಕೇಳಿದವರು ನಗುತ್ತಾರೆ. ಶಿಲ್ಪಿಯು ಕಲ್ಲಿನಲ್ಲಿ ಬೇಡವಾದದ್ದನ್ನು ಕೆತ್ತಿ ತೆಗೆಯುವುದಕ್ಕೂ ಇದಕ್ಕೂ ಭೇದವೇನೆಂದು ನನಗೆ ತಿಳಿಯದು.

ಉಡುಪಿನ ವಿಷಯವಾಗಿ ಒಂದು ಊಹೆ. ಪಂಚೆಯ ಮೇಲೆ ಕೋಟು ತೊಡುವ ಪದ್ಧತಿ ಹಳೆಯ ಮೈಸೂರಿನ ಉಪಾಧ್ಯಾಯರು, ಅಮಲ್ದಾರರು, ಗುಮಾಸ್ತರ ಪದ್ಧತಿ. ಅವರ ತಲೆಯ ಮೇಲಿನ ರುಮಾಲನ್ನು ತೆಗೆದು ನೋಡಿದರೆ ಲಕ್ಷ್ಮಣರ ಮನುಷ್ಯನಿಗೆ ಬಹಳ ಹತ್ತಿರ ಬರುತ್ತೇವೆ. ಇದನ್ನು ಸಿದ್ಧಾಂತವೆಂದು ಸಾಧಿಸುವ ಹಟ ನನಗಿಲ್ಲ. ಪಂಚೆ ಕೋಟುಗಳು ಇತರ ಪ್ರಾಂತಗಳಲ್ಲಿಯೂ ಇದ್ದವು. ಮುಖ್ಯವಾದ ಸಂಗತಿಯೆಂದರೆ ಆ ಕೋಟು ಎಷ್ಟೇ ಹಳೆಯದಾಗಿರಲಿ, ಅದನ್ನು ತೊಡದೆ ಅವನು ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಇಂಗ್ಲಿಷಿನ ‘ಕಾಮನ್’ ಎಂಬ ಶಬ್ದದಲ್ಲಿ ಕೀಳು ಎಂಬ ಛಾಯೆಯೊಂದು ಸದಾ ಅಂಟಿಕೊಂಡಿರುತ್ತದೆ. ನಮ್ಮ ‘ಶ್ರೀಸಾಮಾನ್ಯ’ ಎಂಬ ಮಾತಿನಲ್ಲಿ ಸಾಮಾನ್ಯನಿಗೆ ಮುಂಚೆ ಶ್ರೀಕಾರ ಬಂದು ನಿಂತಿದೆ. ಕುವೆಂಪು ಆ ಮಾತಿಗೆ ದೀಕ್ಷಾಗೀತೆಯನ್ನೇ ಕಟ್ಟಿದರು. ಲಕ್ಷ್ಮಣರು ತಮ್ಮ ನಾಯಕನಿಗೆ ಕೊಟ್ಟ ಹೆಸರು ಇಂಗ್ಲಿಷಿನದು. ಅವನಿಗೆ ತೊಡಿಸಿದ ಕೋಟು ಮಾತ್ರ ಆ ಶ್ರೀಕಾರ. ಹೊಂಡದಲ್ಲಿ ಬಿದ್ದಾಗಲೂ, ಸರದಿಯಲ್ಲಿ ನಿಂತು ಸುಸ್ತಾದಾಗಲೂ ಅವನು ಹಾಸ್ಯಾಸ್ಪದನಾಗುವುದಿಲ್ಲ. ನಗೆಗೆ ಗುರಿಯಾಗುವವರು ಅವನ ಸುತ್ತ ಇರುವವರು.

ಈಗ ಅವನ ಮೌನಕ್ಕೆ ಬರೋಣ. ಚಿತ್ರದ ಕೆಳಗಿನ ಅಡಿಬರಹದಲ್ಲಿ ಮಾತು ಯಾವಾಗಲೂ ಇನ್ನೊಬ್ಬರದು: ಮಂತ್ರಿಯದು, ಗುಮಾಸ್ತನದು, ಪಕ್ಷದ ಕಾರ್ಯಕರ್ತನದು, ದಾರಿಹೋಕನದು, ಅಥವಾ ಅವನ ಹೆಂಡತಿಯದು. ಆಕೆ ಗಂಡನಂತಲ್ಲ, ಹೇಳಬೇಕಾದದ್ದನ್ನು ಹೇಳಿಯೇ ತೀರುವವಳು. ಆದರೂ ಮಾಲಿಕೆಯ ಹೆಸರು ‘ಯು ಸೆಡ್ ಇಟ್’, ಅಂದರೆ ನೀವೇ ಹೇಳಿದಿರಿ ಎಂದು. ಯಾರು ಈ ನೀವು? ವಾಚಾಳಿಯಾದ ಮಂತ್ರಿಯನ್ನು ಕುರಿತು, ಇದು ನಿಮ್ಮ ಬಾಯಿಂದಲೇ ಬಂದದ್ದು, ನಮ್ಮ ಆರೋಪವಲ್ಲ ಎಂದು ಹೇಳುವುದು ಒಂದರ್ಥ. ಓದುಗನ ಮನಸ್ಸಿನಲ್ಲಿದ್ದದ್ದೇ ಇದು ಎನ್ನುವುದು ಇನ್ನೊಂದರ್ಥ. ಎರಡು ಅರ್ಥಗಳಿಗೂ ಸಾಕ್ಷಿಯಾಗಿ ನಡುವೆ ನಿಂತವನು ಮಾತ್ರ ಏನನ್ನೂ ಹೇಳಿಲ್ಲ. ನಮ್ಮ ಆಲಂಕಾರಿಕರು ಧ್ವನಿಯನ್ನು ಕಾವ್ಯದ ಆತ್ಮವೆಂದು ಕರೆದಾಗ ಅವರ ಮನಸ್ಸಿನಲ್ಲಿದ್ದದ್ದು ಪತ್ರಿಕೆಯ ಕಿರುಚಿತ್ರವಲ್ಲ, ನಿಜ. ಆದರೆ ವಾಚ್ಯಾರ್ಥವೆಲ್ಲ ಒಬ್ಬನ ಬಾಯಲ್ಲಿದ್ದು, ವ್ಯಂಗ್ಯಾರ್ಥವೆಲ್ಲ ಇನ್ನೊಬ್ಬನ ಏರಿದ ಹುಬ್ಬಿನಲ್ಲಿದ್ದರೆ ಅದನ್ನು ಧ್ವನಿಯೆನ್ನದೆ ಮತ್ತೇನೆನ್ನಬೇಕು? ವ್ಯಂಗ್ಯಚಿತ್ರವೆಂಬ ನಮ್ಮ ಶಬ್ದವೇ ಇದಕ್ಕೆ ಒಪ್ಪುತ್ತದೆ.

ಒಂದು ಉದಾಹರಣೆಯನ್ನು ಕೊಡುತ್ತೇನೆ; ಬಹು ಮಂದಿ ನೋಡಿರುವಂಥದು. ಚಂದ್ರಲೋಕದ ಯಾತ್ರೆಗೆ ತಕ್ಕ ಮನುಷ್ಯನನ್ನು ಹುಡುಕುತ್ತಿರುವ ವಿಜ್ಞಾನಿಗಳಿಗೆ ಕೊನೆಗೆ ಒಬ್ಬ ಸಿಕ್ಕಿದ್ದಾನೆ. ನೀರು, ಅನ್ನ, ಬೆಳಕು, ಗಾಳಿ, ಆಶ್ರಯ ಯಾವುದೂ ಇಲ್ಲದೆ ಬದುಕಬಲ್ಲವನಾದ್ದರಿಂದ ಇವನೇ ಸರಿಯೆಂದು ಅವರು ಹಿಗ್ಗುತ್ತಿದ್ದಾರೆ. ಹಾಸ್ಯ ಅಡಿಬರಹದಲ್ಲಿದೆಯೆಂದು ತೋರಬಹುದು. ಆದರೆ ಆ ಮುದುಕನ ಬಾಯಿಗೆ ಒಂದು ಪ್ರತಿಭಟನೆಯ ಮಾತನ್ನೋ ಒಂದು ಚತುರೋಕ್ತಿಯನ್ನೋ ಹಾಕಿ ನೋಡಿ. ಚಿತ್ರ ಆ ಕ್ಷಣವೇ ಸತ್ತುಹೋಗುತ್ತದೆ. ಅವನು ಉತ್ತರ ಕೊಟ್ಟರೆ ವಾದ ಮುಗಿಯಿತು. ಪತ್ರಿಕೆಯನ್ನು ಮಡಿಸಿ ಇಡಬಹುದು. ಅವನು ಸುಮ್ಮನಿರುವುದರಿಂದ ಉತ್ತರದ ಹೊಣೆ ಓದುಗನ ಮೇಲೆ ಬಂದು ಕೂರುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಿಂದಲೂ ಒಂದು ಪ್ರಮಾಣವಿದೆ. ಲಕ್ಷ್ಮಣರ ಪಾತ್ರಗಳನ್ನು ಆಧರಿಸಿ ದೂರದರ್ಶನದಲ್ಲಿ 1988ರಿಂದ ‘ವಾಗ್ಲೆ ಕಿ ದುನಿಯಾ’ ಎಂಬ ಧಾರಾವಾಹಿ ಬಂತು. ಅಂಜನ್ ಶ್ರೀವಾಸ್ತವ ಮತ್ತು ಭಾರತಿ ಅಚರೇಕರ್ ಅವರ ಅಭಿನಯ ಹಿತಮಿತವಾದದ್ದು, ಮನಸ್ಸಿಗೆ ಮುದ ಕೊಡುವಂಥದು. ಆದರೆ ಅಲ್ಲಿ ಆ ಮಧ್ಯಮವರ್ಗದ ಗೃಹಸ್ಥನಿಗೆ ಮಾತೂ ಬಂತು, ಮನೆತನದ ಹೆಸರೂ ಬಂತು. ಅದರೊಡನೆ ಅವನು ನಮ್ಮ ನೆರೆಮನೆಯ ಒಬ್ಬ ವಾಗ್ಲೆಯಾದ. ನಾವು ಅವನನ್ನು ನೋಡಿ ನಕ್ಕೆವು. ಚೌಕದೊಳಗಿನ ಮುದುಕನನ್ನು ನೋಡಿ ನಾವು ನಕ್ಕವರಲ್ಲ, ಅವನ ಜೊತೆ ನಿಂತು ಇತರರನ್ನು ನೋಡಿದವರು.

ಹೆಸರಿಲ್ಲದ, ಪ್ರಾಂತವಿಲ್ಲದ, ನುಡಿಯಿಲ್ಲದ ಈ ಮನುಷ್ಯನು ಬೆಳೆದದ್ದು ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಎಂಬುದನ್ನು ನಾವು ಮರೆಯಬಾರದು. ಫ್ರೀ ಪ್ರೆಸ್ ಜರ್ನಲ್ಲಿನ ಅದೇ ಕೋಣೆಯಲ್ಲಿ ಲಕ್ಷ್ಮಣರ ಸಹೋದ್ಯೋಗಿಯಾಗಿದ್ದ ಇನ್ನೊಬ್ಬ ವ್ಯಂಗ್ಯಚಿತ್ರಕಾರರು ಬಾಳ ಠಾಕ್ರೆ. ಅವರು 1960ರಲ್ಲಿ ‘ಮಾರ್ಮಿಕ್’ ಎಂಬ ಮರಾಠಿ ವ್ಯಂಗ್ಯಚಿತ್ರ ವಾರಪತ್ರಿಕೆಯನ್ನು ತೆಗೆದರು. 1966ರಲ್ಲಿ ಶಿವಸೇನೆಯನ್ನು ಸ್ಥಾಪಿಸಿದರು. ಮುಂಬಯಿಯ ಕಚೇರಿಗಳಲ್ಲಿ ಉದ್ಯೋಗದಲ್ಲಿರುವ ಪರಪ್ರಾಂತೀಯರ ಹೆಸರುಗಳ ಪಟ್ಟಿಗಳು ಮಾರ್ಮಿಕ್‌ನಲ್ಲಿ ಅಚ್ಚಾದವು. ಆ ವರ್ಷಗಳ ಚಳವಳಿಯ ಮುಖ್ಯ ಗುರಿ ದಕ್ಷಿಣದವರು. ರಾತ್ರಿಶಾಲೆಗಳಲ್ಲಿ ಓದಿ ಬ್ಯಾಂಕು ಕಚೇರಿಗಳ ಗುಮಾಸ್ತಿಕೆಗೆ ಸೇರಿದ್ದ ನಮ್ಮ ಹಿರಿಯರಿಗೂ, ಫೋರ್ಟಿನಿಂದ ಮಾಟುಂಗದವರೆಗೆ ಉಡುಪಿ ಹೋಟೆಲುಗಳನ್ನು ನಡೆಸುತ್ತಿದ್ದವರಿಗೂ ಆ ಕಾಲದ ಆತಂಕ ಗೊತ್ತು. ಉಡುಪು, ಉಚ್ಚಾರಣೆ, ಹೆಸರಿನ ಕೊನೆಯ ಅಕ್ಷರ, ಇವುಗಳಿಂದ ಮನುಷ್ಯನನ್ನು ಗುರುತುಹಿಡಿದು ಬೇರೆಮಾಡುವ ವಿದ್ಯೆ ವ್ಯಂಗ್ಯಚಿತ್ರಕಾರನಿಗೆ ಕರತಲಾಮಲಕ. ಅವನ ಕಸುಬೇ ಅದು. ಅದೇ ವಿದ್ಯೆಯನ್ನು ಬಲ್ಲ ಲಕ್ಷ್ಮಣರು ಅದೇ ನಗರದಲ್ಲಿ ಕುಳಿತು ಗುರುತುಗಳನ್ನೆಲ್ಲ ಅಳಿಸಿದ ಒಬ್ಬನನ್ನು ದಿನವೂ ಮುಖಪುಟದಲ್ಲಿ ನಿಲ್ಲಿಸಿದರು. ಇದು ಉದ್ದೇಶಪೂರ್ವಕವಾದ ಉತ್ತರವೆಂದು ನಾನು ಹೇಳುತ್ತಿಲ್ಲ. ಶ್ರೀಸಾಮಾನ್ಯನು ಈ ಚಳವಳಿಗಿಂತ ಹಳಬ, ಮತ್ತು ಇಬ್ಬರು ಚಿತ್ರಕಾರರ ಸ್ನೇಹ ಕೊನೆಯವರೆಗೂ ಉಳಿಯಿತು. ಆದರೆ ಚಿತ್ರದ ಅರ್ಥವನ್ನು ಚಿತ್ರಕಾರನ ಸಂಕಲ್ಪವೊಂದೇ ನಿರ್ಧರಿಸುವುದಿಲ್ಲ. ಯಾವ ಪಟ್ಟಿಯಲ್ಲಿಯೂ ಸೇರಿಸಲು ಬಾರದ ಒಬ್ಬ ಮನುಷ್ಯನು ಆ ಪಟ್ಟಿಗಳು ಅಚ್ಚಾಗುತ್ತಿದ್ದ ಊರಿನಲ್ಲಿಯೇ ನಿತ್ಯ ಕಾಣಿಸಿಕೊಳ್ಳುತ್ತಿದ್ದನೆಂಬುದು ವಲಸಿಗರಾದ ನಮಗೆ ಸಣ್ಣ ಸಂಗತಿಯಲ್ಲ. ಮೈಸೂರಿನವರು ನಮ್ಮವರು ಎಂದು ನಾವು ಎದೆತಟ್ಟಿಕೊಳ್ಳುವಾಗ, ಅವರ ನಾಯಕನು ಯಾರವನೂ ಆಗಲೊಪ್ಪದವನು ಎಂಬುದನ್ನು ಸ್ವಲ್ಪ ಜ್ಞಾಪಿಸಿಕೊಳ್ಳಬೇಕಾಗಿದೆ.

ಗುಣಗಳನ್ನು ಹೇಳಿದ ಮೇಲೆ ಮಿತಿಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಗುರುತುಗಳನ್ನೆಲ್ಲ ಅಳಿಸಿದರೆಂದು ಹೇಳಿದೆನಷ್ಟೆ. ಪೂರ್ತಿಯಾಗಿ ಅಳಿಸಲು ಯಾರಿಂದಲೂ ಆಗದು. ಶ್ರೀಸಾಮಾನ್ಯನು ಗಂಡಸು, ಓದುಬರಹ ಬಲ್ಲವನು, ಪತ್ರಿಕೆ ಕೊಳ್ಳುವ ಮನೆಯವನು. ಗುಡಿಸಲುಗಳು, ಫುಟ್‌ಪಾತಿನ ಸಂಸಾರಗಳು, ಹರಕು ಅಂಗಿಯ ಮಕ್ಕಳು ಲಕ್ಷ್ಮಣರ ಚಿತ್ರಗಳಲ್ಲಿ ಬೇಕಾದಷ್ಟು ಬರುತ್ತಾರೆ, ಕನಿಕರದಿಂದಲೇ ಬರುತ್ತಾರೆ. ಆದರೆ ಅವರು ನೋಡಲ್ಪಡುವವರು; ನೋಡುವವನು ಕೋಟಿನವನು. ಧಾರಾವಿಯ ಚರ್ಮದ ಕೆಲಸಗಾರನೋ, 1982ರ ಮುಷ್ಕರದಲ್ಲಿ ಗಿರಣಿಯ ಕೆಲಸ ಕಳೆದುಕೊಂಡ ಪರೇಲಿನ ಕೂಲಿಯೋ ಈ ಮನುಷ್ಯನಲ್ಲಿ ತನ್ನನ್ನು ಕಂಡುಕೊಂಡಿರಲಾರನು. ಸಾಮಾನ್ಯನೆಂಬ ಹೆಸರಿನಲ್ಲಿ ಮಧ್ಯಮವರ್ಗವೊಂದೇ ಇಡೀ ಜನತೆಯ ಸ್ಥಾನದಲ್ಲಿ ಬಂದು ನಿಂತಿತು. ಇಂಗ್ಲಿಷ್ ಪತ್ರಿಕೆಯ ಓದುಗನಿಗೆ ಇದು ಬಲು ಸಮಾಧಾನ ಕೊಟ್ಟ ಸಂಗತಿ. ತಾನೂ ಪೀಡಿತರ ಸಾಲಿನಲ್ಲಿಯೇ ಇದ್ದೇನೆಂದು ಅವನು ದಿನವೂ ಬೆಳಗ್ಗೆ ಒಂದು ಚೌಕದಷ್ಟು ನಂಬಬಹುದಾಗಿತ್ತು.

ಎರಡನೆಯ ಮಿತಿ ಇನ್ನೂ ಸೂಕ್ಷ್ಮವಾದದ್ದು. ಅದು ಮೌನದ ಸ್ವರೂಪಕ್ಕೇ ಸೇರಿದ್ದು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದು ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆಯ ಆಜ್ಞೆ ಬಿದ್ದಾಗ ದೇಶಕ್ಕೆ ದೇಶವೇ ಶ್ರೀಸಾಮಾನ್ಯನ ಸ್ಥಿತಿಗೆ ಬಂತು. ಮಾತನಾಡದವನ ಕಲೆ ಆಗ ಎಂದಿಗಿಂತ ಹೆಚ್ಚು ಮೊನಚಾಗಬೇಕಿತ್ತೆಂದು ಮೇಲುನೋಟಕ್ಕೆ ತೋರುತ್ತದೆ. ವಸ್ತುಸ್ಥಿತಿ ಹಾಗಲ್ಲ. ಅವನ ಮೌನಕ್ಕೆ ಬೆಲೆ ಬರುತ್ತಿದ್ದುದು ಸುತ್ತಲಿನವರ ವಾಚಾಳಿತನದಿಂದ. ಮಂತ್ರಿಯ ಬಾಯಿಬಡುಕತನವನ್ನು ಇದ್ದದ್ದಿದ್ದಂತೆ ತೋರಿಸುವ ಸ್ವಾತಂತ್ರ್ಯ ಹೋದರೆ, ಪಕ್ಕದಲ್ಲಿ ನಿಂತವನ ಮೌನವು ವ್ಯಂಗ್ಯವಾಗುವುದಿಲ್ಲ, ಬರಿಯ ಮೂಕತನವಾಗುತ್ತದೆ. ಒಂದು ರಾಜ್ಯದಲ್ಲಿ ಮೌನವು ಕಲೆಯಾಗಬೇಕಾದರೆ ಅಲ್ಲಿ ಮಾತಿಗೆ ಅಡ್ಡಿಯಿರಬಾರದು. ಈ ಕಲೆಯು ಪ್ರಜಾಪ್ರಭುತ್ವದ ನೆಲವನ್ನು ಬಿಟ್ಟು ಬೇರೆಲ್ಲಿಯೂ ಬೆಳೆಯುವಂಥದಲ್ಲ ಎಂಬುದನ್ನು 1977ರ ಮಾರ್ಚಿನವರೆಗಿನ ಆ ತಿಂಗಳುಗಳು ತೋರಿಸಿಕೊಟ್ಟವು.

ರೇಖೆಯ ಮಾತನ್ನು ಹೇಳದೆ ಚಿತ್ರಕಾರನ ವಿಷಯ ಮುಗಿಸುವುದು ಅಪಚಾರವಾದೀತು. ಲಕ್ಷ್ಮಣರು ಕುಂಚದವರು. ಅವರ ಗೆರೆ ದಪ್ಪವಾಗಿ ಆರಂಭವಾಗಿ ತಿರುವಿನಲ್ಲಿ ಕೂದಲೆಳೆಯಾಗುತ್ತದೆ. ಕೋಟಿನ ಮೊಣಕೈ ಸವೆದಿರುವುದು ಆ ಒಂದು ತಿರುವಿನಿಂದಲೇ ಗೊತ್ತಾಗುತ್ತದೆ. ಸರ್ಕಾರಿ ಕಚೇರಿಯ ಕಡತದ ಕಟ್ಟು, ಕುರ್ಚಿಯ ಬೆನ್ನಿಗೆ ಹಾಸಿದ ಟವೆಲು, ಗಾರೆ ಉದುರಿದ ಗೋಡೆ, ಬೀದಿಯಲ್ಲಿ ಮಲಗಿದ ಹಸು, ಕಿಟಕಿಯ ಮೇಲೊಂದು ಕಾಗೆ: ಎಲ್ಲವೂ ಬೆರಳಗಲದ ಜಾಗದಲ್ಲಿ. ಕಾಗೆಯಂತೂ ಅವರಿಗೆ ಬಾಲ್ಯದ ಸ್ನೇಹಿತ. ಪತ್ರಿಕೆಯ ಕೆಲಸದಾಚೆ ಅವರು ಬಿಡಿಸಿದ ಕಾಗೆಗಳ ಚಿತ್ರಗಳು ಪ್ರದರ್ಶನಗಳನ್ನೇ ಕಂಡವು. ಹಸುರಿನ ನಡುವೆ ಎದ್ದು ಕಾಣುವ ಅದರ ಕಪ್ಪು ಬಣ್ಣ ಕಣ್ಣನ್ನು ಸೆಳೆಯಿತೆಂದು ಅವರು ಕಾರಣ ಕೊಟ್ಟಿದ್ದಾರೆ. ಶ್ರಾದ್ಧದ ದಿನ ಪಿಂಡವಿಟ್ಟು ಕಾಗೆಗಾಗಿ ಕಾಯುವ ಮನೆತನದಲ್ಲಿ ಹುಟ್ಟಿದವರಿಗೆ ಬೇರೆ ಕಾರಣವೂ ಇರಬಹುದು. ಕಾಗೆಯೂ ಶ್ರೀಸಾಮಾನ್ಯನಂತೆಯೇ ಎಲ್ಲ ಸಮಾರಂಭಗಳಿಗೂ ಕರೆಯದೆ ಬಂದು, ಅಂಚಿನಲ್ಲಿ ಕುಳಿತು, ಕತ್ತು ಓರೆಮಾಡಿ ನೋಡುವ ಪ್ರಾಣಿ.

ಅಣ್ಣತಮ್ಮಂದಿರನ್ನು ಹೋಲಿಸುವವರು ನಾರಾಯಣರಿಗೆ ಮಾಲ್ಗುಡಿ, ಲಕ್ಷ್ಮಣರಿಗೆ ಮುಂಬಯಿ ಎಂದು ಸುಲಭವಾಗಿ ಪಾಲು ಹಂಚುತ್ತಾರೆ. ಶಂಕರ್‌ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಆರಂಭದಲ್ಲಿ ಬರುವ ಲಕ್ಷ್ಮಣರ ರೇಖೆಗಳನ್ನು ನೋಡಿದವರಿಗೆ ಈ ಹಂಚಿಕೆ ಅಷ್ಟು ಸರಿಯಲ್ಲವೆಂದು ತಿಳಿಯುತ್ತದೆ. ಇಬ್ಬರದೂ ಒಂದೇ ದೃಷ್ಟಿ. ಜಗುಲಿಯ ಮೇಲೆ ಕುಳಿತು ಬೀದಿಯನ್ನು ನೋಡುವವನ ದೃಷ್ಟಿ. ಅಣ್ಣನು ಜಗುಲಿಯನ್ನು ಮೈಸೂರಿನಲ್ಲಿಯೇ ಇಟ್ಟುಕೊಂಡನು. ತಮ್ಮನು ಅದನ್ನು ಬೋರಿಬಂದರಿಗೆ ಹೊತ್ತು ತಂದನು.

ಪರಂಪರೆಯ ವಿಚಾರ ಸಂಕ್ಷಿಪ್ತವಾಗಿ ಹೇಳಬಹುದಾದದ್ದು. ಏಷ್ಯನ್ ಪೇಂಟ್ಸ್‌ನವರಿಗಾಗಿ 1954ರಲ್ಲಿ ಅವರು ಬರೆದ ‘ಗಟ್ಟು’ ಎಂಬ ತುಂಟ ಹುಡುಗ ಹಲವು ದಶಕಗಳ ಕಾಲ ದೇಶದ ಗೋಡೆಗಳ ಮೇಲೆ ಬಾಳಿದನು. ಬೆಂಗಳೂರಿನಲ್ಲಿ ಬಿ. ವಿ. ರಾಮಮೂರ್ತಿಯವರು ಡೆಕ್ಕನ್ ಹೆರಾಲ್ಡ್‌ನಲ್ಲಿ ತಮ್ಮದೇ ಒಬ್ಬ ಪುಟ್ಟ ನಾಗರಿಕನನ್ನು ನಿಲ್ಲಿಸಿದರು. ಲಕ್ಷ್ಮಣರಿಗೆ 1984ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದವು. ಇವು ಸಲ್ಲತಕ್ಕವು; ಇವುಗಳ ಬಗೆಗೆ ಹೆಚ್ಚಿನ ಮಾತು ಬೇಡ. ನನ್ನನ್ನು ಯೋಚನೆಗೆ ಹಚ್ಚುವುದು ಶ್ರೀಸಾಮಾನ್ಯನಿಗೆ ಸಂದ ಗೌರವ. 1988ರಲ್ಲಿ ಟೈಮ್ಸ್ ಪತ್ರಿಕೆಯ ನೂರೈವತ್ತನೆಯ ವರ್ಷದ ಅಂಚೆಚೀಟಿಯಲ್ಲಿ ಅವನು ಬಂದನು. ಆಮೇಲೆ ಪುಣೆಯ ಸಿಂಬಯಾಸಿಸ್ ಸಂಸ್ಥೆಯ ಆವರಣದಲ್ಲಿಯೂ ಮುಂಬಯಿಯ ವರಳಿ ಕಡಲತೀರದಲ್ಲಿಯೂ ಅವನ ಲೋಹದ ಪ್ರತಿಮೆಗಳನ್ನು ನಿಲ್ಲಿಸಲಾಯಿತು. ಚೌಕದ ಅಂಚಿನಲ್ಲಿ, ಕಂಬದ ಮರೆಯಲ್ಲಿ, ಯಾರದೋ ಭುಜದ ಹಿಂದೆ ಇಣುಕುತ್ತಿದ್ದವನನ್ನು ನಟ್ಟನಡುವೆ ಒಂಟಿಯಾಗಿ ನಿಲ್ಲಿಸಿದ್ದಾರೆ. ಅವನ ಎದುರಿಗೆ ಮಂತ್ರಿಯಿಲ್ಲ, ಹೊಂಡವಿಲ್ಲ, ಅಡಿಬರಹವಿಲ್ಲ. ಪ್ರತಿಮೆ ಮಾಡಿಸಿದವರ ಭಕ್ತಿಯನ್ನು ನಾನು ಶಂಕಿಸುವುದಿಲ್ಲ, ಔಚಿತ್ಯವನ್ನು ಶಂಕಿಸುತ್ತೇನೆ. ನೋಡುವುದಕ್ಕೆಂದು ಹುಟ್ಟಿದವನನ್ನು ನೋಡಿಸಿಕೊಳ್ಳುವವನನ್ನಾಗಿ ಮಾಡಿದ್ದೇವೆ. ಲಕ್ಷ್ಮಣರ ಪಾರ್ಥಿವ ಶರೀರವನ್ನು ಪುಣೆಯ ಆ ಪ್ರತಿಮೆಯ ಬಳಿಯಲ್ಲಿಯೇ ಸಾರ್ವಜನಿಕರ ದರ್ಶನಕ್ಕೆ ಇಟ್ಟಿದ್ದರು. ಆಗಲೂ ಅವನು ತನ್ನ ವಾಡಿಕೆಯಂತೆ ಏನೂ ಹೇಳದೆ ಪಕ್ಕದಲ್ಲಿ ನಿಂತಿದ್ದನು.

ಕಂಚಿಗಿಂತ ಕಾಗದದ ಕೆಲಸ ಮುಖ್ಯವಾದದ್ದು. ಸಂಕಲನಗಳಲ್ಲಿ ಆಯ್ದು ಅಚ್ಚುಮಾಡಿದ ಚಿತ್ರಗಳು ತಾವು ಹುಟ್ಟಿದ ದಿನದ ಸುದ್ದಿಯಿಂದಲೂ ಹಿಂದುಮುಂದಿನ ದಿನಗಳ ಚೌಕಗಳಿಂದಲೂ ಬೇರ್ಪಟ್ಟು ಬರಿಯ ನಗೆಹನಿಗಳಾಗಿ ಉಳಿಯುತ್ತವೆ. ಒಂದೊಂದು ವರ್ಷದ ಚಿತ್ರಗಳನ್ನು ತಾರೀಖಿನ ಕ್ರಮದಲ್ಲಿ, ಬಿಡದೆ, ಆಯಾ ದಿನದ ಮುಖ್ಯ ಸುದ್ದಿಯ ಒಂದು ಸಾಲಿನೊಡನೆ ಜೋಡಿಸಿ ಕೊಟ್ಟಾಗ ಮಾತ್ರ ಆ ಉದ್ದವಾದ ಪಟ್ಟಿ ಮತ್ತೆ ಓದಲು ಸಿಕ್ಕೀತು. ಸಾಧಾರಣವಾದ ಚಿತ್ರಗಳೂ ಆಗ ತಮ್ಮ ಸ್ಥಾನವನ್ನು ಪಡೆದಾವು. ಆ ಶ್ರೇಣಿಯನ್ನು 1951ರಿಂದ ತೊಡಗಿಸುವುದು ವಾಡಿಕೆಯಾದೀತು. ನನ್ನ ಸೂಚನೆಯೆಂದರೆ ಅದಕ್ಕೂ ಹಿಂದೆ ಹೋಗಿ, ಕೊರವಂಜಿಯ ಹಳೆಯ ಸಂಚಿಕೆಗಳನ್ನು ಇಟ್ಟುಕೊಂಡಿರುವ ಮನೆಗಳಿಂದಲೂ ಗ್ರಂಥಾಲಯಗಳಿಂದಲೂ ಅವರ ಚಿತ್ರಗಳನ್ನು ಕಲೆಹಾಕಿ ಅಲ್ಲಿಂದ ಆರಂಭಿಸಬೇಕೆಂಬುದು. ಹಾಗೆ ಮಾಡಿದರೆ ಮೊದಲ ಸಂಪುಟವನ್ನು ಸಿದ್ಧಪಡಿಸುವ ಹೊಣೆ ಕನ್ನಡ ಬಲ್ಲವರ ಪಾಲಿಗೇ ಬರುತ್ತದೆ.